ಡೆಲಿವರಿ ಕಪಾಟಿನಲ್ಲಿ ಅಮ್ಮ

ಸ್ಟುಡಿಯೋದ ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ಮುದ್ದಿನ ತಮ್ಮನಿಗೆ ಅಕ್ಕನ ಹಾರೈಕೆಗಳು.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿಯಲ್ಲಿ ಕುಳಿತು ಬರೀ ಗುಂಡಿ ಒತ್ತುವವರಿಗೂ ಬೆನ್ನು ನೋಯುತ್ತದೆ ಎಂಬುದು ನಿನ್ನ ಪತ್ರ ಓದಿದ ಮೇಲೆಯೇ ನನಗೆ ಗೊತ್ತಾದದ್ದು. ಹೊತ್ತುಹೊತ್ತಿಗೆ ಊಟ ಮಾಡು. ತಣ್ಣೀರು ಕುಡಿಯಬೇಡ, ಚಿಕ್ಕಂದಿನಿಂದಲೂ ನಿನಗೆ ಗಂಟಲು ಕಟ್ಟುತ್ತದೆ. ನಾನು ಚೆನ್ನಾಗಿದ್ದೇನೆ. ಅಪ್ಪನ ನೆನಪು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಮೈ ಮಾತ್ರ ಈಗ ಗಟ್ಟಿಯಾಗಿದೆ. ನಡುವೆ ಅದೂ ಕೈಬಿಟ್ಟಿತ್ತು, ಮುಂದೆ ಹೇಳುತ್ತೇನೆ.

ನಿನ್ನ ಕಂಪನಿಯವರು ನಿನ್ನನ್ನು ಬೇಡವೆಂದರು ಎಂದು ಓದಿ ತುಂಬಾ ಬೇಜಾರಾಯಿತು. ಬೇಜಾರಾಯಿತು ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಲೇ? ಮೊದಲು ಬಂದದ್ದು ನಗು. ಮದುವೆಯ ಫೋಟೋಗಳನ್ನೆಲ್ಲ ಈಗ ಕಂಪ್ಯೂಟರಿನೊಳಗಿನ ಆ ಪ್ಲಗ್-ಇನ್ನೇ ತಾನಾಗಿ ತೆರೆದು, ತಾನಾಗಿ ತಿದ್ದಿ, ತಾನಾಗಿ ಕಳಿಸಿಬಿಡುತ್ತದಂತೆ, ಗುಂಡಿ ಒತ್ತಲೂ ಮನುಷ್ಯ ಬೇಡವಂತೆ. ಒತ್ತುವುದೊಂದನ್ನೇ ಕಲಿತವನ ಗತಿ ಇನ್ನೇನಾಗಬೇಕಿತ್ತು ಹೇಳು. "ಮುಂದಿನ ತಿಂಗಳು ಮನೆಗೇ ಬಂದ್ಬಿಡ್ತೀನಿ, ನನ್ನ ಕುರ್ಚಿ ಖಾಲಿ ಇರ್ಲಿ, ಅಪ್ಪ ನನ್ನನ್ನ ನೋಡಿದ್ರೆ ಸರಿಹೋಗ್ತಾರೆ" ಎಂದು ಬರೆದಿದ್ದೀಯ. ಅಪ್ಪನ ಹಂಬಲ ನಿನಗೆ ಕೆಲಸ ಹೋದ ಮೇಲೆ ನೆನಪಾದದ್ದು ಒಳ್ಳೆಯದೇ ಆಯಿತು. ಆದರೆ ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಎಂದು ಕೇಳಿಕೊಂಡು ಹೊರಡು. ಫೋನಿನಲ್ಲಿ ಹೇಳಲು ಹೋದಾಗಲೆಲ್ಲ ನಿನಗೆ ಯಾರೋ ಕರೆಯುತ್ತಿದ್ದರು.

ಆ ಕಂಪನಿಗೆಂದು ಹೊರಟ ದಿನ ನಮ್ಮ ಸ್ಟುಡಿಯೋ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಅಕ್ಕಾ, ಇದೆಲ್ಲ ನಿನ್ನ ಕೈಲಾಗೋ ಕೆಲ್ಸ ಅಲ್ಲ, ಸುಮ್ನೆ ಬಾಗಿಲು ಹಾಕ್ಕೋ." ಹೇಳಿದವನು ಬರಿಗೈಯಲ್ಲಿ ಹೋಗಲಿಲ್ಲ, ಪ್ಲಗ್-ಇನ್‌ಗಳನ್ನೂ ಕಟ್ಟಿಕೊಂಡು ಹೋದೆ. ಎಲ್ಲವೂ ನಿನ್ನ ಹೆಸರಿನಲ್ಲೇ ಇದ್ದವಲ್ಲ. ಮರುದಿನ ಬೆಳಿಗ್ಗೆ ಮುಖ ನಯ ಮಾಡುವುದನ್ನು ಒತ್ತಿದೆ, ಪಾಸ್‌ವರ್ಡ್ ಕೇಳಿತು. ಮುಚ್ಚಿದ ಕಣ್ಣು ತೆರೆಸುವುದನ್ನು ಒತ್ತಿದೆ, ಅದೂ ಪಾಸ್‌ವರ್ಡ್ ಕೇಳಿತು. ಹೊರಗೆ ಬೆಂಚಿನ ಮೇಲೆ ಶಾಲೆಯ ಮೇಷ್ಟ್ರು ತಮ್ಮ ತರಗತಿಯ ಗ್ರೂಪ್ ಫೋಟೋಗಾಗಿ ಕಾಯುತ್ತಿದ್ದರು. ನಿನಗೆ ಫೋನ್ ಮಾಡಿದರೆ "ಅಕೌಂಟ್ ಈಗ ಕಂಪನೀದು ಅಕ್ಕಾ, ಕೊಡೋಕಾಗಲ್ಲ" ಎಂದೆ. ಮೇಷ್ಟ್ರು ಗಡಿಯಾರ ನೋಡಿ, ನನ್ನ ಮುಖ ನೋಡಿ, ಎದ್ದು ಎದುರಿನ ಸ್ಟುಡಿಯೋಗೆ ಹೋದರು. ನಾನು ಪರದೆಯ ಹಿಂದೆ ಹೋಗಿ ಅತ್ತುಬಿಟ್ಟೆ. ನಿನ್ನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಕಲಿತೆ. ಮೊದಮೊದಲು ನಾನು ತಿದ್ದಿದ ಮುಖಗಳು ಹಿಟ್ಟು ಬಳಿದ ಹಾಗಿರುತ್ತಿದ್ದವು, ಒಬ್ಬ ಗಿರಾಕಿಯಂತೂ ಇದು ತನ್ನ ಹೆಣದ ಫೋಟೋವೇ ಎಂದು ಕೇಳಿದ. ಅಪ್ಪ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು. ಈಗಷ್ಟೇ ಚಹಾ ಕುಡಿದದ್ದು ನೆನಪಿರದ ಮನುಷ್ಯನಿಗೆ, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ತಿದ್ದುತ್ತಿದ್ದ ಕಾಲದ್ದೆಲ್ಲ ನೆನಪಿದೆ. "ಕೈ ಆಮೇಲೆ, ಮೊದ್ಲು ಬೆಳಕು ಎಲ್ಲಿಂದ ಬಂತು ನೋಡು" ಎನ್ನುತ್ತಿದ್ದರು. ದಿನಾ ಅದೇ ಮಾತು, ದಿನಾ ಹೊಸದಾಗಿ ಹೇಳುವವರ ಹಾಗೆ. ಮರೆಯುವ ಮೇಷ್ಟ್ರು ಸಿಕ್ಕಿದರೆ ಪಾಠ ಚೆನ್ನಾಗಿ ಬಾಯಿಗೆ ಬರುತ್ತದೆ ನೋಡು. ಲೇಯರ್ ಎಂದು ನೀನು ದೊಡ್ಡದಾಗಿ ಹೇಳಿ ಹೆದರಿಸುತ್ತಿದ್ದೆಯಲ್ಲ, ಅದು ಮೂಲ ಚಿತ್ರವನ್ನು ಮುಟ್ಟದೆ ಮೇಲೊಂದು ಗಾಜಿಟ್ಟು, ಗಾಜಿನ ಮೇಲೆ ತಿದ್ದುವುದು, ಅಷ್ಟೇ. ತಪ್ಪಾದರೆ ಗಾಜು ತೆಗೆದರಾಯಿತು. ನೀನು ಅದನ್ನು ಮಾಡಲೇ ಇಲ್ಲ. ಮೂಲದ ಮೇಲೇ ಒತ್ತಿ, ಮೂಲದ ಮೇಲೇ ಸೇವ್ ಮಾಡಿ, ಕೈ ಕೊಡವಿಕೊಂಡು ಏಳುತ್ತಿದ್ದೆ. ಅಮ್ಮನಿಗೂ ಅದನ್ನೇ ಮಾಡಿದೆ.

ಅಮ್ಮ ತೀರಿಕೊಂಡ ಮರುದಿನ ಗೋಡೆಗೆ ಹಾಕಲು ನೀನು ಅವಳ ಫೋಟೋ ಮಾಡಿಕೊಟ್ಟೆಯಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿ, "ನೋಡು, ಎಷ್ಟು ಚಿಕ್ಕವಳಾದ್ಲು" ಎಂದು ಬೀಗಿದೆ. ಸ್ಟುಡಿಯೋದ ಬಲ್ಬು ಸಿಡಿದು ಅವಳ ಗದ್ದದ ಮೇಲಾದ ಸುಟ್ಟ ಕಲೆಯನ್ನು ನಿನ್ನ ಪ್ಲಗ್-ಇನ್ ಕೊಳೆ ಎಂದುಕೊಂಡು ಒರೆಸಿಹಾಕಿತ್ತು. ಜೋತುಬಿದ್ದ ಎಡಗಣ್ಣಿನ ರೆಪ್ಪೆಯನ್ನು ಎತ್ತಿ ನಿಲ್ಲಿಸಿತ್ತು. ಬಂದವರೆಲ್ಲ ಎಷ್ಟು ಲಕ್ಷಣ ಎಂದರು. ಅಪ್ಪ ಮಾತ್ರ ಅದರ ಮುಂದೆ ನಿಂತು ನನ್ನನ್ನು ಕೇಳಿದರು, "ಯಾರಮ್ಮಾ ಇದು? ತಗೊಂಡು ಹೋಗೋಕೆ ಯಾರೂ ಬರ್ಲಿಲ್ವಾ?" ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಕವರಿಗೆ ಹಾಕಿ, ಗಿರಾಕಿಗಳು ಒಯ್ಯದೆ ಬಿಟ್ಟ ಫೋಟೋಗಳಿರುವ ಡೆಲಿವರಿ ಕಪಾಟಿನಲ್ಲಿ ಇಟ್ಟುಬಿಟ್ಟರು. ನೀನು ಹೋದ ಮೇಲೂ ನಾನು ತಂದು ಗೋಡೆಗೆ ಹಾಕುವುದು, ಅವರು ಇಳಿಸಿ ಕಪಾಟಿಗೆ ಹಾಕುವುದು ನಡೆದೇ ಇತ್ತು. ಕಡೆಗೊಂದು ದಿನ ಕವರಿನ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ 'ವಿಳಾಸ ಇಲ್ಲ' ಎಂದು ಬರೆದರು. ಇದನ್ನು ಹೇಳಿದಾಗ ನೀನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕೆ. ಅಪ್ಪನಿಗೆ ಅರಳುಮರಳು ಎಂದೆ. ಇರಬಹುದು. ಆದರೆ ಹೆಂಡತಿಯ ಮುಖದ ವಿಷಯದಲ್ಲಿ ಅವರು ಹೇಳಿದ್ದೇ ಸರಿ, ಆ ಕವರಿನಲ್ಲಿದ್ದವಳು ನಮ್ಮಮ್ಮ ಅಲ್ಲ.

ಮೂಲ ಹುಡುಕಿದೆ, ಇರಲಿಲ್ಲ. ಊರಿನವರ ಮುಖಕ್ಕೆಲ್ಲ ಬೆಳಕು ಬೀಳಿಸುವ ಬಿಳಿ ಹಲಗೆ ಹಿಡಿದು ನಿಂತವಳು ಅವಳು, ಚೌಕಟ್ಟಿನೊಳಗೆ ಬಂದದ್ದೇ ಅಪರೂಪ. ಕೊನೆಗೆ ಹಾಲ್‌ನಲ್ಲಿರುವ ಹಳೆಯ ಫ್ಯಾಮಿಲಿ ಫೋಟೋ ಇಳಿಸಿಕೊಂಡೆ. ಕುರ್ಚಿಗಳಲ್ಲಿ ಅಪ್ಪ, ಅಮ್ಮ, ಅಮ್ಮನ ಹಿಂದೆ ನಾನು, ಅಪ್ಪನ ಹಿಂದೆ ಅವರ ಭುಜ ಹಿಡಿದು ನೀನು. ಅದನ್ನು ಎದುರಿಗಿಟ್ಟುಕೊಂಡು, ನೀನು ಅಳಿಸಿದ ಕಲೆಯನ್ನು ಮತ್ತೆ ಬರೆದೆ, ರೆಪ್ಪೆಯನ್ನು ಮತ್ತೆ ಇಳಿಸಿದೆ, ಸುಕ್ಕುಗಳನ್ನು ಒಂದೊಂದಾಗಿ ವಾಪಸ್ ತಂದೆ. ಹೆತ್ತ ತಾಯಿಗೆ ಮುಪ್ಪು ತರಿಸುವುದಕ್ಕೆ ನಾನು ಪಟ್ಟ ಪಾಡು ನಿನಗೆ ಅರ್ಥವಾಗುವುದಿಲ್ಲ. ಗೋಡೆಗೆ ಹಾಕಿದ ದಿನ ಅಪ್ಪ ಬಂದು ನೋಡಿದರು. "ಲೈಟಿಗೆ ಅಷ್ಟು ಹತ್ರ ನಿಂತ್ಕೋಬೇಡ ಅಂತ ಹೇಳಿರ್ಲಿಲ್ವಾ ನಿಂಗೆ?" ಎಂದು ಫೋಟೋವನ್ನು ಗದರಿದರು. ಅಲ್ಲೇ ಸ್ಟೂಲ್ ಎಳೆದುಕೊಂಡು ಕುಳಿತುಬಿಟ್ಟರು. ಇಷ್ಟು ಸಂತೋಷ ನನಗೆ ಬೇರೆ ಯಾವುದರಲ್ಲೂ ಆಗಿಲ್ಲ.

ಅಮ್ಮ ಸಿಕ್ಕಿದಳಲ್ಲ, ಆಮೇಲೆ ನಿನ್ನನ್ನು ಹುಡುಕಲು ಶುರುಮಾಡಿದರು. ತಟ್ಟೆ ಮುಂದಿಟ್ಟರೆ ಫ್ಯಾಮಿಲಿ ಫೋಟೋದ ಕಡೆ ಕೈ ತೋರಿಸಿ, "ಇವ್ನು ಬರ್ಲಿ, ಒಟ್ಟಿಗೆ ಕೂತ್ಕೊಳ್ಳೋಣ" ಎನ್ನುವರು. ಬೈದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ. ಊಟ ಆರಿ ತಣ್ಣಗಾಗುತ್ತಿತ್ತು, ಬಾಗಿಲು ನೋಡುತ್ತಾ ಕುಳಿತಲ್ಲೇ ತೂಕಡಿಸುತ್ತಿದ್ದರು. ಅಂಗಿ ಮೈಮೇಲೆ ನಿಲ್ಲದಷ್ಟು ಇಳಿದುಹೋದರು, ಡಾಕ್ಟರು ನನಗೇ ಬೈದರು. ಒಂದು ದಿನ ಬಂದು ಅವರೆದುರು ಎರಡು ತುತ್ತು ತಿಂದು ಹೋಗು ಎಂದು ನಿನ್ನನ್ನು ಅಂಗಲಾಚಿದೆ. ನೀನು ಮದುವೆ ಸೀಸನ್ ಎಂದೆ. ನಿನ್ನ ಬದಲು ನಿನ್ನದೊಂದು ಫೋಟೋ ಬಂತು, ಅದೂ ಪ್ಲಗ್-ಇನ್ ಉಜ್ಜಿ ಮೊಟ್ಟೆಯಂತೆ ನುಣುಪು ಮಾಡಿದ್ದು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕವರಿಗೆ ಹಾಕಿದರು. ಡೆಲಿವರಿ ಕಪಾಟಿನಲ್ಲಿ ಇನ್ನೂ ಇದೆ, ಗಿರಾಕಿ ಬಂದಿಲ್ಲ.

ಕುರ್ಚಿ ಕೇಳಿದ್ದೆಯಲ್ಲ, ಅದರಲ್ಲಿ ನಾನು ಕುಳಿತಿದ್ದೇನೆ. ನೀನು ಒರಗಿ ಒರಗಿ ಮುರಿದಿದ್ದ ಬೆನ್ನನ್ನು ಬಡಗಿಯ ಹತ್ತಿರ ಸರಿಮಾಡಿಸಿದ್ದೇನೆ. ಮೇಷ್ಟ್ರೂ ಈಗ ಮತ್ತೆ ನಮ್ಮ ಬೆಂಚಿಗೇ ಬರುತ್ತಾರೆ. ಹೊರಗೆ ಯಾರೋ ಗಂಟೆ ಬಾರಿಸುತ್ತಿದ್ದಾರೆ, ನಿಲ್ಲಿಸುತ್ತೇನೆ. ಮೈ ಕಡೆ ಗಮನವಿರಲಿ. ಒಳ್ಳೆಯ ಕೆಲಸ ಸಿಗಲಿ, ದೂರದಲ್ಲೇ ಸಿಗಲಿ.

ಇಂತಿ
ಕೈಲಾಗದವಳು,
ನಿನ್ನ ಅಕ್ಕ

ತಾ.ಕ.: ಅಪ್ಪ ಮತ್ತೆ ಊಟ ಮಾಡಲು ಶುರುಮಾಡಿದ್ದು ಹೇಗೆ ಎಂದು ಬರೆಯುವುದೇ ಮರೆತೆ ನೋಡು. ಫ್ಯಾಮಿಲಿ ಫೋಟೋದಿಂದ ನಿನ್ನನ್ನು ತೆಗೆದುಬಿಟ್ಟೆ. ಪ್ಲಗ್-ಇನ್ ಇಲ್ಲದೆ, ಕೈಯಲ್ಲೇ. ನೀನಿದ್ದ ಜಾಗದಲ್ಲಿ ಪರದೆಯ ಮಡಿಕೆಗಳನ್ನು ಬರೆದೆ. ಅಪ್ಪನ ಭುಜದಿಂದ ನಿನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿದೆ, ಅದೊಂದು ಕಷ್ಟವಾಯಿತು, ನೀನು ಬಿಗಿಯಾಗಿ ಹಿಡಿದಿದ್ದೆ. ಪ್ರಿಂಟ್ ಹಾಕಿ ಗೋಡೆಗೆ ತಗುಲಿಸುವಷ್ಟರಲ್ಲಿ ಅಪ್ಪ ಭೂತಗನ್ನಡಿ ಹಿಡಿದು ಬಂದರು. ತುಂಬಾ ಹೊತ್ತು ನೋಡಿ, ಪರದೆಯ ಅಂಚಿನ ಮೇಲೆ ಬೆರಳಿಟ್ಟು, "ಇಲ್ಲಿ ಯಾರೋ ನಿಂತಿದ್ರು. ನೆರಳು ಬಿಟ್ಟಿದ್ದೀಯ. ತೆಗೆದ್ಮೇಲೆ ಪೂರ್ತಿ ತೆಗೀಬೇಕು" ಎಂದರು. ಅವರೇ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು, ನಾನು ತೆಗೆದೆ. ಅಂದಿನಿಂದ ಯಾರಿಗೂ ಕಾಯದೆ ಹೊಟ್ಟೆ ತುಂಬಾ ಊಟ ಮಾಡುತ್ತಿದ್ದಾರೆ. ಮೂಲ ಇಟ್ಟುಕೊಂಡಿದ್ದೀಯಾ ಎಂದು ಕೇಳಬೇಡ, ಅಮ್ಮನದನ್ನು ನೀನು ಇಟ್ಟುಕೊಂಡಿದ್ದೆಯಾ? ಬರುವುದಾದರೆ ಬಾ. ಮುಂಬಾಗಿಲಿನಿಂದ ಬಂದು ಬೆಂಚಿನ ಮೇಲೆ ಕುಳಿತಿರು. ಅಪ್ಪ ನಿನ್ನನ್ನು ಒಳಗೆ ಕರೆದು ಸ್ಟೂಲ್ ಮೇಲೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಎನ್ನುತ್ತಾರೆ. ಎಷ್ಟು ಕಾಪಿ ಎಂದು ಕೇಳುತ್ತಾರೆ, ಯೋಚಿಸಿಕೊಂಡು ಬಾ.