ಮೇಜಿನ ಕೆಳಗಿನ ಜಾಗ

ಆರ್ಮೆಲ್ ಅತ್ತೆಯವರಿಗೆ, ಜುರಾ ಬೆಟ್ಟದಿಂದ ನಿಮ್ಮ ಸೊಸೆ ಕೊರಲಿ ಬರೆಯುವುದು,

ಹಿಮ ಎಲ್ಲೂ ಓಡಿಹೋಗಿಲ್ಲ. ಕಿಟಕಿಯ ಅಂಚಿನವರೆಗೂ ಬಂದು ಕೂತಿದೆ. ನಿಮ್ಮ ಲೆಕ್ಕದಲ್ಲಿ ಇವತ್ತು ನಾವು ಪ್ಯಾರಿಸ್‌ನಲ್ಲಿರಬೇಕಿತ್ತು, ನಮ್ಮನ್ನು ಕೇಳದೆ ನೀವೇ ಗೊತ್ತುಮಾಡಿದ ಆ ದೊಡ್ಡ ಡಾಕ್ಟರರ ಮುಂದೆ. "ರಜೆ ಮುಂದಕ್ಕೆ ಹಾಕಿ. ಹಿಮ ಏನು ಓಡಿಹೋಗುತ್ತಾ? ಓಡ್ತಿರೋದು ನಿನ್ನ ವಯಸ್ಸು," ಎಂದಿರಿ. ಬರುವುದಿಲ್ಲವೆಂದು ಅವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರಿಗೇನೂ ಬೇಸರವಾಗಲಿಲ್ಲ. ನಿಮಗೆ ಆಗುತ್ತದೆ. ಆಗಲಿ.

ಕ್ಷಮೆ ಕೇಳಲು ಬರೆದಿದ್ದಾಳೆ ಎಂದುಕೊಂಡು ಕನ್ನಡಕ ಹಾಕಿಕೊಂಡಿದ್ದರೆ ತೆಗೆದಿಟ್ಟುಬಿಡಿ.

ರಜೆಗೆ ಹೊರಡುವ ಮೊದಲು ನಿಮ್ಮೂರು ಕೆಂಪೇರ್‌ಗೆ ಬಂದು ನಿಮ್ಮನ್ನು ನೋಡಿಕೊಂಡು ಹೋಗೋಣ ಎಂದವಳು ನಾನೇ. ಜನವರಿಯ ಭಾನುವಾರ, ರಾಜರ ಹಬ್ಬದ ಕೇಕು, ಗಲೆತ್, ಕತ್ತರಿಸುವ ದಿನ. ನಿಮ್ಮ ಕೈಯ ಬಾದಾಮಿ ಹೂರಣದ ಗಲೆತ್ ನನಗೆ ಇಷ್ಟ ಕೂಡ. ಆದರೆ ನಿಯಮವೊಂದಿದೆಯಲ್ಲ. ಮನೆಯ ಅತಿ ಕಿರಿಯರು ಮೇಜಿನ ಕೆಳಗೆ ಹೋಗಬೇಕು. ಮೇಲಿನವರು ಒಂದೊಂದೇ ತುಂಡು ತೋರಿಸಿ "ಇದು ಯಾರಿಗೆ?" ಎಂದಾಗ, ಕಾಣದೆಯೇ ಹೆಸರು ಹೇಳಬೇಕು. ಎಲ್ಲರ ಮನೆಯಲ್ಲೂ ಅದು ಮಕ್ಕಳ ಆಟ. ನಿಮ್ಮ ಮನೆಯಲ್ಲಿ ನಲವತ್ತು ದಾಟಿದ ನಾನು ಪ್ರತಿ ವರ್ಷ ಲಂಗ ಎತ್ತಿಕೊಂಡು ತೆವಳುತ್ತೇನೆ. ಪ್ರತಿ ವರ್ಷ ನೀವು ನಿಟ್ಟುಸಿರು ಬಿಟ್ಟು, "ಏನ್ಮಾಡೋದು, ನಮ್ಮಲ್ಲಿ ಚಿಕ್ಕವರು ಅಂದ್ರೆ ಇವಳೇ," ಅನ್ನುತ್ತೀರಿ. ಒದೆತ್ ಚಿಕ್ಕಮ್ಮ ಕೆಮ್ಮುತ್ತಾರೆ. ನಿಮ್ಮ ಮಗ ಜಿಲ್ದಾ ಬ್ರೆಡ್ಡಿನ ಚೂರುಗಳನ್ನು ಉಂಡೆ ಕಟ್ಟುತ್ತಾನೆ.

ಒಂದು ಗುಟ್ಟು ಹೇಳಲೇ? ಹೂರಣದೊಳಗೆ ನೀವು ಹುದುಗಿಸುವ ಆ ಪಿಂಗಾಣಿ ಬೊಂಬೆ, ಬಟ್ಟೆಯಲ್ಲಿ ಸುತ್ತಿದ ಪುಟ್ಟ ಮಗು, ಪ್ರತಿ ವರ್ಷವೂ ನನಗೇ ಸಿಗುವುದು ಅದೃಷ್ಟ ಎಂದು ನಂಬುವಷ್ಟು ದಡ್ಡಿಯಲ್ಲ ನಾನು. ಬೊಂಬೆಯಿರುವ ತುಂಡು ಯಾವುದೆಂದು ಗುರುತಿಟ್ಟುಕೊಂಡು ಅದನ್ನು ಕೊನೆಗೆ ಉಳಿಸುತ್ತೀರಿ. ಮರ್ಯಾದಸ್ಥ ಸೊಸೆ ತನ್ನ ಹೆಸರನ್ನು ಕೊನೆಗೇ ಹೇಳುತ್ತಾಳೆಂದು ನಿಮಗೆ ಗೊತ್ತು. ಆಮೇಲೆ, ಬೊಂಬೆ ಸಿಕ್ಕವಳೇ ಇವತ್ತಿನ ರಾಣಿ ಎಂದು ನನ್ನ ತಲೆಗೆ ಕಾಗದದ ಕಿರೀಟ ಇಟ್ಟು, ಕಿವಿಯ ಹತ್ತಿರ ಬಗ್ಗಿ, "ಈ ವರ್ಷ ಖಂಡಿತ," ಅನ್ನುತ್ತೀರಿ. ನಿಮ್ಮದು ಪ್ರೀತಿಯೇ ಇರಬಹುದು. ನನಗೆ ಮಾತ್ರ ಅದು ಪ್ರತಿ ಸಲವೂ ಶಿಕ್ಷೆಯಾಗಿತ್ತು.

ಈ ಸಲವೂ ಕೆಳಗೆ ಹೋದೆ. ಮೇಜುಬಟ್ಟೆಯ ಒಳಗೆ ನನಗೆ ಕಂಡದ್ದು ಜಿಲ್ದಾನ ಕೈಗಳು. ಮೊಣಕಾಲಿನ ಮೇಲೆ ಬಿಗಿಯಾಗಿ ಮುಷ್ಟಿ ಕಟ್ಟಿದ್ದವು. ಮೇಲೆ ನಿಮ್ಮೊಂದಿಗೆ ನಗುತ್ತಿದ್ದವನ ಕೈಗಳು ಅವು! ನನಗೆ ಸಿಟ್ಟು ನೆತ್ತಿಗೇರಿತು. "ಇದು ಯಾರಿಗೆ?" ಎಂದಿರಿ. "ನನಗೆ!" ಎಂದೆ. ಮುಂದಿನ ಎರಡು ತುಂಡಿಗೆ ಜಿಲ್ದಾ, ಒದೆತ್ ಚಿಕ್ಕಮ್ಮ ಎಂದೆ. ಕೊನೆಯ ತುಂಡಿಗೆ ನೀವು ಪ್ರಶ್ನೆಯನ್ನೇ ಕೇಳಲಿಲ್ಲ. ನಾನೇ ಕೂಗಿದೆ: "ಅದು ಅತ್ತೆಗೆ!"

ಕಟಕ್ ಎಂದಿತು. ಮಗು ನಿಮ್ಮ ಹಲ್ಲಿಗೇ ಸಿಕ್ಕಿತ್ತು. ಪಾಪ, ಒದೆತ್ ಚಿಕ್ಕಮ್ಮ ಏನೂ ತಿಳಿಯದೆ ಚಪ್ಪಾಳೆ ತಟ್ಟಿ ನಿಮ್ಮ ತಲೆಗೆ ಕಿರೀಟ ಇಟ್ಟೇಬಿಟ್ಟರು. ನೀವು ಅದನ್ನು ಕಿತ್ತು ತಟ್ಟೆಯ ಮೇಲೆ ಎಸೆದಿರಿ. "ಈ ವಯಸ್ಸಲ್ಲಿ ನನಗ್ಯಾಕೆ ಇದು? ಅವಳಿಗೆ ಬೇಕಾಗಿರೋದು!"

ಆಗ ನಿಮ್ಮ ಮಗ ಬಾಯಿ ಬಿಟ್ಟ. "ಅಮ್ಮಾ, ಅವಳಿಗೂ ಬೇಡ, ನನಗೂ ಬೇಡ. ಇನ್ನು ಯಾವ ಡಾಕ್ಟರ ಹತ್ರಾನೂ ಹೋಗಲ್ಲ. ನಿಲ್ಲಿಸಿದೀವಿ."

ಸೊಸೆ ಅವನ ಬಾಯಲ್ಲಿ ಹೇಳಿಸಿದಳು ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ. ಕಳೆದ ವಸಂತದಲ್ಲಿ ಆಸ್ಪತ್ರೆಯಿಂದ ಬರುವಾಗ ಅವನೇ ಕಾರನ್ನು ಹೊಲದ ಪಕ್ಕ ನಿಲ್ಲಿಸಿ, "ಸಾಕು ಕಣೇ. ನೀನು ನಕ್ಕು ಎಷ್ಟು ಕಾಲ ಆಯ್ತು ಗೊತ್ತಾ?" ಎಂದ. ಮಗುವಿಗಾಗಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನನಗೆ ಅಳು ಕೂಡ ಬರುತ್ತಿರಲಿಲ್ಲ. ಅವತ್ತು ನಾನು ಅತ್ತುಬಿಟ್ಟೆ. ಅವನೂ ಅತ್ತ. ಮನೆಗೆ ಬಂದು ಈ ರಜೆಗೆಂದು ಈ ಹಿಮದೂರಿನಲ್ಲಿ ಬಾಡಿಗೆ ಮನೆ ಗೊತ್ತುಮಾಡಿದೆವು. ಇದು ಮೋಜಿನ ಪ್ರವಾಸವಲ್ಲ ಅತ್ತೆ, ಬದುಕನ್ನು ಮತ್ತೆ ಶುರುಮಾಡಲು ಬಂದಿದ್ದೇವೆ.

ನಿನ್ನೆ ಇಲ್ಲಿನ ಬೇಕರಿಯಿಂದ ಒಂದು ಪುಟ್ಟ ಗಲೆತ್ ತಂದೆವು. ಇಬ್ಬರೇ. ನನಗಿಂತ ದೊಡ್ಡವನಾದರೂ ನಿಮ್ಮ ಮಗ ತಾನೇ ಮೇಜಿನ ಕೆಳಗೆ ನುಗ್ಗಿ, ತಲೆ ಢಬ್ ಎಂದು ಹೊಡೆಸಿಕೊಂಡು, ಅಲ್ಲಿಂದಲೇ ನಿಯಮಗಳ ಬಗ್ಗೆ ಜಗಳ ತೆಗೆದ. ಅವನ ತುಂಡಿನಲ್ಲಿ ಸಿಕ್ಕಿದ್ದು ಒಂದು ಪಿಂಗಾಣಿ ಮೊಲ. ಇವತ್ತು ಬೆಳಿಗ್ಗೆ ಉಣ್ಣೆಯ ಟೋಪಿಯ ಮೇಲೆ ಕಿರೀಟ ತೊಟ್ಟು ಸ್ಕೀ ಮಾಡಲು ಹೋಗಿ, ದಾರಿಯಲ್ಲಿನ ದನದ ಕೊಟ್ಟಿಗೆಯ ಮುಂದೆ ಬಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವಿದ್ದಿದ್ದರೆ ನೀವೂ ನಗುತ್ತಿದ್ದಿರಿ.

ಕೆಂಪೇರ್‌ನಿಂದ ಹೊರಡುವಾಗ ನೀವು ಬಾಗಿಲಿಗೆ ಬರಲಿಲ್ಲ. ಅಡುಗೆಮನೆಯಿಂದಲೇ, ಬೆನ್ನು ತಿರುಗಿಸಿಕೊಂಡೇ ಕೇಳಿದಿರಿ: "ಹಾಗಾದ್ರೆ ಇನ್ಮೇಲೆ ಈ ಮನೆ ಮೇಜಿನ ಕೆಳಗೆ ಯಾರು ಹೋಗ್ತಾರೆ?" ನಿಮ್ಮ ದನಿ ಒಡೆದಿತ್ತು. ಆ ಪ್ರಶ್ನೆಗೆ ಉತ್ತರ ಕೊಡದೆ ರೈಲು ಹತ್ತಿದೆ. ಅದಕ್ಕೇ ಈ ಪತ್ರ.

ನಾನು ಹೋಗುತ್ತೇನೆ. ಕೂದಲು ನೆರೆತ ಮೇಲೂ ಹೋಗುತ್ತೇನೆ. ಮೊಣಕಾಲು ಹಿಡಿದುಕೊಂಡರೆ ಜಿಲ್ದಾ ಎಳೆದು ಎಬ್ಬಿಸಲಿ. ಆದರೆ ಹುಟ್ಟದೇ ಉಳಿದ ಯಾರದೋ ಬದಲಿಗೆ ಹೋಗುವುದಿಲ್ಲ, ನಿಮ್ಮ ನಿಟ್ಟುಸಿರು ಕೇಳಿಕೊಂಡು ಹೋಗುವುದಿಲ್ಲ. ಆ ಜಾಗ ಖಾಲಿಯಿದೆ ಎಂದು ಇಷ್ಟು ವರ್ಷ ಅತ್ತಿರಿ. ಒಂದು ಸಲ ಮೇಜುಬಟ್ಟೆ ಎತ್ತಿ ನೋಡಿ ಅತ್ತೆ. ಅಲ್ಲಿ ನಾನಿದ್ದೇನೆ.

ಬೊಂಬೆ ಸಿಕ್ಕವರೇ ಮುಂದಿನ ಗಲೆತ್ ಮಾಡಬೇಕೆಂಬ ನಿಯಮವೂ ನಿಮ್ಮದೇ, ನನ್ನ ಸರದಿ ಬಂದಾಗಲೆಲ್ಲ ನೀವು ಒಲೆ ಬಿಟ್ಟುಕೊಡದಿದ್ದರೂ. ಮಾಡಿಡಿ, ಬರುತ್ತೇವೆ. ಅಲ್ಲಿಯವರೆಗೆ ನಿಮ್ಮ ಹಲ್ಲು ಗಟ್ಟಿಯಾಗಿರಲಿ, ಮನಸ್ಸು ಸ್ವಲ್ಪ ಮೆತ್ತಗಾಗಲಿ.

ನಿಮ್ಮ ಮನೆಯ ಅತಿ ಕಿರಿಯಳು,
ಕೊರಲಿ