ಬೀರುವಿನ ಮೇಲಿನ ಡಬ್ಬಗಳು

ಪುಚೊಂಗ್, ಮಲೇಷ್ಯಾ
೧೭ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆ ಚೈತನ್ಯಾಳ ನಮಸ್ಕಾರಗಳು. ಮೊದಲು ಮಂಡಿನೋವಿನ ಸಮಾಚಾರ ಹೇಳಿ. ಡಾಕ್ಟರು ಎರಡು ತಿಂಗಳು ಶಟ್ಲ್ ಬೇಡ ಎಂದರೆ ನೀವು ಎರಡೇ ವಾರಕ್ಕೆ ರ‍್ಯಾಕೆಟ್ ಹಿಡಿದಿರಂತೆ. ಅತ್ತೆ ಚಾಡಿ ಹೇಳಿದರು. ಅತ್ತೆಯ ಭಜನೆ ಕ್ಲಾಸು, ದಸರಾ ಗೊಂಬೆ ಜೋಡಿಸುವ ಗಡಿಬಿಡಿ ಎಲ್ಲ ಹೇಗಿದೆ? ನಾವು ನಾಲ್ವರೂ ಆರಾಮ. ದಿನಾ ವಿಡಿಯೋ ಕಾಲ್‌ನಲ್ಲಿ ಮುಖ ನೋಡುವವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ನಿಮ್ಮ ಮಗನ ಆಫೀಸಿನ ಅನಂತಕೃಷ್ಣ ಇವತ್ತು ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇಲ್ಲಿಯ ಕಾಫಿಪುಡಿ ಮತ್ತು ಅತ್ತೆಗೊಂದು ಬಾಟಿಕ್ ಬಟ್ಟೆ ಕಳಿಸುತ್ತಿದ್ದೇನೆ. ಅಲ್ಲದೆ ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಎಲ್ಲಿ ಬಿಡುತ್ತೀರಿ? ನೋವಿರುವ ಮಂಡಿಯಲ್ಲೇ ಮೆಟ್ಟಿಲು ಹತ್ತಿ, ಮಹಡಿ ಮನೆಯ ಹೊಸ ನಲ್ಲಿ, ಹೊಸ ಬಣ್ಣ ತೋರಿಸಲು ಶುರುಮಾಡುತ್ತೀರಿ.

ಈಗ ನಮ್ಮ ತಿರುಗಾಟದ ಕಥೆ ಕೇಳಿ. ಮಕ್ಕಳಿಗೆ ಒಂದು ವಾರ ರಜೆ. ಈ ದೇಶಕ್ಕೆ ಯಾರು ಎಲ್ಲಿಂದ ಬಂದರು ಎಂದು ಬರೆಯಲು ವಿಸ್ಮಯಾಗೆ ಸ್ಕೂಲಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಅದಕ್ಕೇ ಶನಿವಾರ ಕ್ಲಾಂಗ್‌ನ ಒಂದು ಪುಟ್ಟ ಮ್ಯೂಸಿಯಂಗೆ ಹೋದೆವು. ಹಿಂದೆ ಹಡಗಿನಲ್ಲಿ ವಲಸೆ ಬಂದವರ ಪಾತ್ರೆಪಗಡೆ, ಬಟ್ಟೆಬರೆ, ಕಾಗದಪತ್ರಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ನಮ್ಮ ನಿಹಾಲ್ ರುಬ್ಬುವ ಕಲ್ಲಿನ ಸುತ್ತ ಎರಡು ಸುತ್ತು ಹಾಕಿ "ಅಮ್ಮಾ, ಸ್ವಿಚ್ ಎಲ್ಲಿ?" ಎಂದ. ಆರು ವರ್ಷದವನು, ಮಿಕ್ಸಿ ಬಿಟ್ಟರೆ ಇನ್ನೇನು ಕಂಡಿದ್ದಾನೆ! ವಿವರಿಸಲು ಲಕ್ಷ್ಮಿ ಎಂಬ ಎಪ್ಪತ್ತು ದಾಟಿದ ತಮಿಳು ಹೆಂಗಸು ಇದ್ದರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ತಮಿಳು, ಮಲಾಯ್, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಬಡಿಸುತ್ತಾರೆ.

ಅವರ ತಾತನ ತಗಡಿನ ಟ್ರಂಕು ಅಲ್ಲಿದೆ. ಊರಿಗೆ ವಾಪಸ್ ಹೋಗಲೆಂದು ಕಟ್ಟಿದ ಹಗ್ಗ ಇನ್ನೂ ಬಿಚ್ಚಿಲ್ಲ. ಪ್ರತಿ ದೀಪಾವಳಿಗೂ ಆ ತಾತ "ಅಡುತ್ತ ವರುಷಂ", ಅಂದರೆ ಮುಂದಿನ ವರ್ಷ, ಎನ್ನುತ್ತಿದ್ದರಂತೆ. ಹಾಗೇ ನಲವತ್ತೊಂದು ದೀಪಾವಳಿ ಕಳೆಯಿತಂತೆ. "ಹೋಗಲೂ ಇಲ್ಲ ಲಾ, ಪೆಟ್ಟಿಗೆ ಬಿಚ್ಚಲೂ ಇಲ್ಲ" ಎಂದು ಲಕ್ಷ್ಮಿಯಮ್ಮ ಹೇಳಿ ಮುಗಿಸಿದ್ದರೋ ಇಲ್ಲವೋ, ನಿಹಾಲ್ ಇಡೀ ಮ್ಯೂಸಿಯಂಗೆ ಕೇಳುವಂತೆ "ಸೇಮ್ ಲೈಕ್ ಅವರ್ ಟಿವಿ ಬಾಕ್ಸ್!" ಎಂದು ಕೂಗಿದ.

ನಮ್ಮ ಬೀರುವಿನ ಮೇಲಿನ ಡಬ್ಬಗಳು ನಿಮಗೆ ಗೊತ್ತೇ ಇವೆ. ಟಿವಿ, ಮಿಕ್ಸಿ, ಓವನ್ ಎಲ್ಲದರ ಡಬ್ಬವನ್ನೂ ಥರ್ಮೋಕೋಲ್ ಸಮೇತ ಎಂಟು ವರ್ಷದಿಂದ ಕಾಪಾಡಿದ್ದೇವೆ. "ಡಬ್ಬ ಎಸೀಬೇಡಿ, ವಾಪಸ್ ಬರುವಾಗ ಬೇಕಾಗುತ್ತೆ" ಎಂದು ಬುದ್ಧಿ ಹೇಳಿದವರೇ ನೀವು. ಆ ಟಿವಿ ಕೆಟ್ಟು ಗುಜರಿಗೆ ಹೋಗಿ ಎರಡು ವರ್ಷವಾಯಿತು, ಡಬ್ಬ ಮಾತ್ರ ಗಟ್ಟಿಮುಟ್ಟಾಗಿದೆ! ಊಟದ ಮೇಜು ಬೇಡ, ಗ್ರೈಂಡರ್ ಬೇಡ, ಹೇಗೂ ಮುಂದಿನ ವರ್ಷ ಹೋಗ್ತೀವಲ್ಲ ಎನ್ನುವುದೇ ನಮ್ಮ ರಾಗ. ಈ ಮನೆಗೆ ಬಂದಾಗ ಹಾಲು ಕೂಡ ಉಕ್ಕಿಸಲಿಲ್ಲ. "ಅದು ನಾಲ್ಕು ದಿನದ ಮನೆ ಕಣಮ್ಮಾ, ಹಾಲು ನಮ್ಮ ಮಹಡಿ ಮನೇಲೇ ಉಕ್ಕಲಿ" ಎಂದಿದ್ದರು ಅತ್ತೆ. ಇದನ್ನೆಲ್ಲ ವಿಸ್ಮಯಾ ತನ್ನ ಇಂಗ್ಲಿಷಿನಲ್ಲಿ ಒಂದೂ ಬಿಡದೆ ಲಕ್ಷ್ಮಿಯಮ್ಮನಿಗೆ ಒಪ್ಪಿಸಿದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿಮ್ಮ ಮಗ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

ಹೊರಡುವಾಗ ಬಂದವರೆಲ್ಲ ಒಂದು ಚೀಟಿ ತುಂಬಿ ಗೋಡೆಗೆ ಸಿಕ್ಕಿಸಬೇಕು. ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ, ಅಷ್ಟೇ ಪ್ರಶ್ನೆ. ನಿಹಾಲ್ ಎಲ್ಲಿಂದ ಎನ್ನುವ ಕಡೆ ಪುಚೊಂಗ್ ಎಂದು ಬರೆದ. ಇಲ್ಲೇ ಹುಟ್ಟಿದವನು, ತಪ್ಪೇನಿದೆ? ವಿಸ್ಮಯಾ ಮೈಸೂರು ಎಂದು ಬರೆದು, ಎರಡನೇ ಪ್ರಶ್ನೆಗೆ ಅಪ್ಪನ ಮುಖ ನೋಡಿದಳು. ನಿಮ್ಮ ಮಗ ಪೆನ್ಸಿಲ್ ತೆಗೆದುಕೊಂಡರು, ಮೊನೆ ನೋಡಿದರು, ಕೆತ್ತಿದರು, ಮತ್ತೆ ನೋಡಿದರು. ಕೊನೆಗೆ ಲಕ್ಷ್ಮಿಯಮ್ಮನೇ "ಮೊದಲು ಮಕಾನ್ ಲಾ", ಅಂದರೆ ಮೊದಲು ಊಟ, ಎಂದು ನಮ್ಮನ್ನು ಅಟ್ಟಿದರು. ಎದುರಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನಲ್ಲಿ ಕೂತು ರೊಟ್ಟಿ ತಿನ್ನುವಾಗಲೂ ಚೀಟಿ ನಿಮ್ಮ ಮಗನ ಜೇಬಿನಲ್ಲೇ ಇತ್ತು. "ಅಪ್ಪಂಗೆ ಹೆಂಗೆ ಹೇಳ್ಲಿ ಚೈತೂ" ಎಂದರು.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ನಿಮ್ಮ ಮಗ ಸ್ಟೂಲ್ ಹತ್ತಿ ಡಬ್ಬಗಳನ್ನು ಇಳಿಸುತ್ತಿದ್ದಾರೆ! ಧೂಳಿಗೆ ಮನೆಮಂದಿಯೆಲ್ಲ ಸೀನಿದ್ದೇ ಸೀನಿದ್ದು. ಟಿವಿ ಡಬ್ಬ ನಿಹಾಲನ ಹಡಗಾಯಿತು. ರಬ್ಬರಿನಿಂದ ನಮ್ಮ ಅಂಗೈಗೆ ಠಸ್ಸೆ ಒತ್ತಿಯೇ ಒಳಗೆ ಬಿಡುತ್ತಾನೆ. ಹಡಗು ಎಲ್ಲಿಗೆ ಎಂದರೆ "ತಾತಾಸ್ ಹೌಸ್, ದೆನ್ ಹೋಮ್" ಎನ್ನುತ್ತಾನೆ.

ಮಾವ, ಮದುವೆಯಾದ ಹೊಸದರಲ್ಲಿ ನನಗೆ ಸ್ಕೂಟರ್ ಕಲಿಸಿದವರು ನೀವು. "ಹಿಂದೆ ಹಿಡ್ಕೊಂಡಿದ್ದೀನಿ, ಹೋಗು" ಎನ್ನುತ್ತಲೇ ಯಾವ ಮಾಯದಲ್ಲೋ ಕೈ ಬಿಟ್ಟಿದ್ದಿರಿ. ನಿಮಗೆ ನೋವು ಮಾಡುವುದೆಂದರೆ ನನಗೆ ಹೆದರಿಕೆ. ಪ್ರತಿ ಯುಗಾದಿಗೂ ನಮಗೆಂದು ಮಹಡಿಗೆ ಬಣ್ಣ ಹೊಡೆಸುತ್ತೀರಿ. ಆ ಬ್ಯಾಂಕಿನ ದಂಪತಿ ಎರಡು ಸಲ ಬಾಡಿಗೆಗೆ ಕೇಳಿ ಬಂದಾಗಲೂ "ಮುಂದಿನ ವರ್ಷ ಮಗ ಬರ್ತಾನೆ" ಎಂದು ಕಳಿಸಿದಿರಂತೆ.

ಮಂಡಿ ವಾಸಿಯಾಗುವವರೆಗೆ ರ‍್ಯಾಕೆಟ್ ಅತ್ತೆಯ ಬೀರುವಿನಲ್ಲಿ ಇರಲಿ, ಬೀಗದ ಕೈ ಅವರ ಸೊಂಟದಲ್ಲಿರಲಿ. ಡಿಸೆಂಬರ್ ರಜೆಗೆ ಇಬ್ಬರೂ ಇಲ್ಲಿಗೆ ಬನ್ನಿ, ಊಟದ ಮೇಜಿಗೆ ಆರ್ಡರ್ ಕೊಟ್ಟಾಗಿದೆ. ಅತ್ತೆಗೆ ನಮಸ್ಕಾರ. ಮಕ್ಕಳಿಬ್ಬರನ್ನೂ ಹರಸಿ.

ನಿಮ್ಮ ಸೊಸೆ
ಚೈತನ್ಯಾ

ಮರೆತ ಮಾತು (ಸುಳ್ಳು, ಮರೆತಿರಲಿಲ್ಲ): ಅನಂತಕೃಷ್ಣ ಆಗಲೇ ಕೆಳಗೆ ಬಂದು ಕಾಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿಮ್ಮ ಮಗ ಹೋದ ತಿಂಗಳು ಇನ್ನೂ ಐದು ವರ್ಷಕ್ಕೆ ಕೆಲಸದ ಕರಾರಿಗೆ ಸಹಿ ಹಾಕಿದ್ದಾರೆ. ಬೈಯುವುದಾದರೆ ನನ್ನನ್ನೂ ಸೇರಿಸಿ ಬೈಯಿರಿ. ಮಹಡಿ ಮನೆಯನ್ನು ಆ ಬ್ಯಾಂಕಿನವರಿಗೆ ಬಾಡಿಗೆಗೆ ಕೊಟ್ಟುಬಿಡಿ ಮಾವ, ಅತ್ತೆಯೇ ಮುಂದೆ ನಿಂತು ಅವರ ಕೈಯಲ್ಲಿ ಹಾಲುಕ್ಕಿಸಲಿ. ನಾವು ಭಾನುವಾರ ಇಲ್ಲಿ ಉಕ್ಕಿಸಿದೆವು. ಅತ್ತೆಗೆ ಹೇಳಿ, ಪೂರ್ವಕ್ಕೇ ಉಕ್ಕಿತು.