ಅಪ್ಪ ಕೊಂಡ ಹೊಲ

ಹೊಲದ ತನಿಖಿಗೆ ಬಂದಿರೋ ಸಾಹೇಬ್ರಿಗೆ ಬಳಗಾನೂರಿನ ಭಾಗ್ಯಳ ಶರಣು.

ಹೊರದೇಶದ ಕಂಪನಿಯವ್ರು ಇಲ್ಲಿಯವ್ರ ಹೆಸರಿನ್ಯಾಗ ಕಾಲುವಿ ದಂಡಿ ಹೊಲ ಕೊಂಡಾರ, ಇದು ದೇಶದ ಭದ್ರತೆ ವಿಷಯ, ನಿಮ್ಮಪ್ಪ ಬಾಲಪ್ಪನ್ನ ಕರ್ಕೊಂಡು ಬಾ ಅಂದ್ರಿ. ಅಪ್ಪ ತೀರಿಕೊಂಡು ಮೂರು ವರ್ಷ ಆತ್ರಿ. ಕುರಿ ಕಾಯ್ತಿದ್ದ, ಗೇಣು ಭೂಮಿ ಇರಲಿಲ್ಲ. ಕೊನೀಗೆ ರಾತ್ರಿ ಕುರಿ ತರುಬಿ ನಿಲ್ಲಿಸಿದ್ದ ಆ ಕಾಲುವಿ ದಂಡಿ ಹೊಲದಾಗ, ಆಗ ಹೊಲದ ಮಾಲೀಕರಾಗಿದ್ದ ಗೌಡ್ರನ್ನ ಕೇಳಿ ಮಣ್ಣು ಮಾಡಿದ್ವಿ.

ಹೋದ ತಿಂಗಳು ಅಪ್ಪನ ಹೆಸರಿಗೆ ಆದ ಆ ಹೊಲದ ಖರೀದಿ ಪತ್ರದಾಗಿನ ಫೋಟೋ ತೋರಿಸಿದ್ರಿ. ಮುಖ ಮಬ್ಬಿತ್ತು. ಅಪ್ಪ ಅಲ್ಲ ಅನ್ನಾಕ ಹೋದಾಕಿ ಫೋಟೋನ ಬೆಳಕಿಗೆ ಹಿಡಿದೆ. ಹೆಗಲ ಮ್ಯಾಲಿನ ಕಂಬಳಿಗೆ ಕೆಂಪು ನೂಲಿನ ತ್ಯಾಪಿ ಐತಲ್ರಿ, ಅದನ್ನ ಹೊಲಿದಾಕಿ ನಾನು. ಆ ಕಂಬಳಿ ಅಪ್ಪನ ಜೋಡಿ ಕುಣಿಯಾಗ ಐತ್ರಿ.

ನಿಮ್ಮ ನೋಟಿಸ್ ನಮ್ಮ ಮನೀಗೆ ಬಂದಿಲ್ಲ. ಆ ಹೊಲದ ವಿಳಾಸಕ್ಕ ಹೋಗೈತಂತ, ಯಾರೋ ಹೆಬ್ಬೆಟ್ಟು ಒತ್ತಿ ತಗೊಂಡಾರಂತ. ಅಲ್ಲಿ ತಂತಿ ಬೇಲಿ, ಅಪ್ಪನ ಕುಣಿ ಬಿಟ್ರ ಒಂದು ಗುಡಿಸಲೂ ಇಲ್ರಿ.

ಅಪ್ಪ ಖರೇನ ಸತ್ತಾನೋ ಇಲ್ಲೋ ನೋಡಾಕ ಸೋಮವಾರ ಕುಣಿ ಅಗಿಸ್ತೀವಿ ಅಂದೀರಿ. ಅಗಿಸ್ರಿ, ಆದ್ರ ನಮ್ಮವ್ವಗ ಹೇಳಬ್ಯಾಡ್ರಿ. ಗುದ್ದಲಿ ಹಾಕೋಕಿಂತ ಮೊದ್ಲ ಹೆಸರು ಹಿಡಿದು ಜೋರಾಗಿ ಕೂಗ್ರಿ. ಅಪ್ಪಗ ಕಿವಿ ಸರಿಯಾಗಿ ಕೇಳಂಗಿಲ್ರಿ.

ಬೇಲಿ ಹೊರಗ ನಿಂತಿರ್ತೀನಿ,
ಭಾಗ್ಯ